ಒಂಬತ್ತನೇ ಡಬ್ಬಿ ಹಿಡಿದ ದಾರಿ

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಠಾಣೆಗೆ ಬಂದ ಬಸ್ ಡ್ರೈವರ್ ಬೆಂಚು ತೋರಿಸಿದರೂ ಕೂರಲಿಲ್ಲ. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಪುಟ್ಟ ಸೀಸೆಯೊಂದನ್ನು ತೆಗೆದು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ.

"ಇದನ್ನ ಔಷಧಿ ಅಂತ ಕೊಟ್ರು ಮೇಡಂ. ಇದು ನೀರು. ಎರಡು ದಿನ ನನ್ನ ಮಗಳಿಗೆ ನಾನೇ ಕೈಯಾರೆ ನೀರು ಚುಚ್ಚಿದೀನಿ."

ಇನ್‌ಸ್ಪೆಕ್ಟರ್ ಕೂಡ ನಿಂತೇ ಇದ್ದರು. ಈ ಇನ್‌ಸ್ಪೆಕ್ಟರಮ್ಮನಿಗೂ ಕುರ್ಚಿಗೂ ಎಣ್ಣೆ ಸೀಗೇಕಾಯಿ. ಫೈಲು ಓದುವುದು ನಡೆದಾಡಿಕೊಂಡು, ಊಟ ಮಾಡುವುದು ಕಿಟಕಿ ಹತ್ತಿರ ನಿಂತುಕೊಂಡು. ಠಾಣೆಯವರು ಬೆನ್ನ ಹಿಂದೆ 'ಬುಗುರಿ' ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು, ತಲೆ ಕೆಡಿಸಿಕೊಂಡಿರಲಿಲ್ಲ.

"ಮಗಳಿಗೆ ಏನಾಗಿದೆ?"

"ಸಕ್ಕರೆ ಕಾಯಿಲೆ. ನಾಲ್ಕು ವರ್ಷದವಳಿದ್ದಾಗಿಂದ ಇದೆ. ಈಗ ಎಂಟು. ಇನ್ಸುಲಿನ್ ಇಲ್ದೆ ಒಂದು ದಿನ ಕಳೆಯೋ ಹಾಗಿಲ್ಲ."

"ಈ ಸೀಸೆ ಯಾವಾಗ ತಂದಿದ್ದು?"

"ಬುಧವಾರ ಸಂಜೆ, ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಲ್ಲಿ. ಗುರುವಾರ ಬೆಳಿಗ್ಗೆಯಿಂದ ಶುರು ಮಾಡ್ದೆ. ಸಂಜೆ ಹೊತ್ತಿಗೆ ಸಕ್ಕರೆ ಏರೋಕೆ ಶುರುವಾಯ್ತು. ನಾನೇ ಕಮ್ಮಿ ಹಾಕಿದ್ನೇನೋ ಅಂತ ಇನ್ನೊಂದು ಸಲ ಚುಚ್ಚಿದೆ. ಶುಕ್ರವಾರ ಪೂರ್ತಿ ವಾಂತಿ. ಶನಿವಾರ ಬೆಳಿಗ್ಗೆ ಕೂಗಿದ್ರೆ ಓಗೊಡಲಿಲ್ಲ ಮೇಡಂ. ಕಣ್ಣು ಅರ್ಧ ತೆರೆದಿತ್ತು, ಆದ್ರೆ ಅವಳು ಅಲ್ಲಿರಲಿಲ್ಲ."

"ಮನೇಲಿ ಎಲ್ಲಿ ಇಟ್ಟಿದ್ರಿ? ಫ್ರಿಜ್ಜಲ್ಲಾ?"

"ಫ್ರಿಜ್ ಎಲ್ಲಿಂದ ಬರ್ಬೇಕು ಮೇಡಂ? ಸೀಸೇನ ಡಬ್ಬೀಲಿ ಹಾಕಿ ನೀರಿನ ಮಡಕೇಲಿ ತೇಲಿಬಿಡ್ತೀವಿ. ನಾಲ್ಕು ವರ್ಷದಿಂದ ಹಾಗೇ. ಒಂದು ದಿನ ಕೆಟ್ಟಿದ್ದಿಲ್ಲ."

ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಳ್ಳುತ್ತಿದ್ದರು. ನಿವೃತ್ತಿಗೆ ಹತ್ತಿರವಾದ, ಹೊಟ್ಟೆಯೂ ತಾಳ್ಮೆಯೂ ಧಾರಾಳವಾಗಿರುವ ಮನುಷ್ಯ. ಇಡೀ ಠಾಣೆಗೆ ಅವರು ಮಾವ. ಬರೆಯುವುದನ್ನು ನಿಲ್ಲಿಸಿ, "ಮೊದಲು ಒಂದು ಗುಟುಕು ನೀರು ಕುಡಿಯಪ್ಪ," ಎಂದು ಲೋಟ ಮುಂದಿಟ್ಟರು.

ಆಸ್ಪತ್ರೆಯ ಡಾಕ್ಟರ್ ಫೋನಿನಲ್ಲಿ ಚುಟುಕಾಗಿ ಮಾತಾಡಿದರು. ಬೇರೆ ಸೀಸೆಯ ಇನ್ಸುಲಿನ್ ಕೊಟ್ಟ ಮೇಲೆ ಹುಡುಗಿಯ ಸಕ್ಕರೆ ಇಳಿಯುತ್ತಿತ್ತು, ಎಚ್ಚರ ಮಾತ್ರ ಬಂದಿರಲಿಲ್ಲ. ಮಿದುಳು ಊದಿಕೊಂಡಿರುವ ಭಯವಿತ್ತು.

"ಔಷಧಿ ಬಿಸಿಗೆ ಕೆಟ್ಟಿರ್ಬಹುದಾ ಡಾಕ್ಟ್ರೇ?"

"ಬಿಸಿಗೆ ಇಷ್ಟು ಬೇಗ, ಇಷ್ಟು ಪೂರ್ತಿ ಕೆಡಲ್ಲ. ಎಲ್ಲೋ ಒಂದು ಕಡೆ ಹೆಪ್ಪುಗಟ್ಟಿ ಕರಗಿದೆ ಅನ್ಸುತ್ತೆ. ಹಾಗಾದ್ರೆ ನೋಡೋಕೆ ಮೊದಲಿನ ಥರಾನೇ ಇರುತ್ತೆ, ಕೆಲಸ ಮಾಡಲ್ಲ. ನಿಮಗೆ ಬಿಡಿ, ನನಗೂ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ."

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಮೆಡಿಕಲ್ ಶಾಪಿನ ಫ್ರಿಜ್ ಸರಿಯಾಗಿತ್ತು; ಸರಕು ಬುಧವಾರ ಮಧ್ಯಾಹ್ನ ಊರಾಚೆಯ ಔಷಧಿ ಶೈತ್ಯಾಗಾರದಿಂದ ಬಂದು ಸಂಜೆಯಿಂದಲೇ ಮಾರಾಟವಾಗುತ್ತಿತ್ತು. ಇನ್‌ಸ್ಪೆಕ್ಟರ್ ಔಷಧ ನಿಯಂತ್ರಣಾಧಿಕಾರಿಗೆ ಫೋನು ಮಾಡಿದರು.

"ಆ ಕಂಪನಿಯ ಇನ್ಸುಲಿನ್ ಮಾರಾಟ ಈಗಿಂದೀಗಲೇ ನಿಲ್ಲಿಸಿ ಸಾರ್."

"ನಿಲ್ಲಿಸ್ತೀನಿ. ಆಮೇಲೆ?" ಆ ಕಡೆಯ ದನಿಯೂ ಬಿಸಿಯಾಗಿತ್ತು. "ಊರಿಗೆಲ್ಲ ಬರೋದು ಅದೇ ಶೈತ್ಯಾಗಾರದಿಂದ. ಅದೇ ಬ್ಯಾಚು ಅಲ್ಲಿ ಮೂರು ಕೋಣೇಲಿದೆ. ಮೂರನ್ನೂ ಮುಚ್ಚಿದ್ರೆ ಹೊಸದು ಬರೋಕೆ ಶುಕ್ರವಾರ ಆಗುತ್ತೆ. ಸೂಜಿ ಮೇಲೆ ಬದುಕಿರೋ ಮಕ್ಕಳು ಅಲ್ಲೀವರೆಗೆ ಏನು ಮಾಡ್ಬೇಕು? ಮುಚ್ಚದಿದ್ರೆ ಕೆಟ್ಟಿದ್ದೂ ಮನೆಮನೆಗೆ ಹೋಗ್ತಾ ಇರುತ್ತೆ. ಯಾವ ಕೋಣೆ ಕೆಟ್ಟಿತ್ತು, ಯಾವತ್ತು ಕೆಟ್ಟಿತ್ತು ಅಂತ ಹೇಳಿ ಮೇಡಂ. ಅದೊಂದನ್ನ ಹಿಂದಕ್ಕೆ ತರಿಸ್ತೀನಿ. ಇವತ್ತು ಸಂಜೆ ತನಕ ಕಾಯ್ತೀನಿ, ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಇನ್‌ಸ್ಪೆಕ್ಟರ್ ಫೋನು ಇಟ್ಟವರೇ ಟೋಪಿ ಎತ್ತಿಕೊಂಡರು. ಮಾವ ಪೆನ್ನಿನ ಮುಚ್ಚಳ ಹುಡುಕುವಷ್ಟರಲ್ಲಿ ಜೀಪು ಸ್ಟಾರ್ಟ್ ಆಗಿತ್ತು.

ಶೈತ್ಯಾಗಾರವೆಂದರೆ ಉದ್ದನೆಯ ಒಂದು ಓಣಿ, ಅದರ ಎರಡೂ ಬದಿಗೆ ತಗಡು ಹೊದಿಸಿದ ದಪ್ಪ ಬಾಗಿಲುಗಳು. ಒಂದು ತುದಿಯಲ್ಲಿ ಆಫೀಸು, ಇನ್ನೊಂದು ತುದಿಯಲ್ಲಿ ಒಂಬತ್ತನೇ ಕೋಣೆ. ಆಫೀಸಿನ ಪಕ್ಕಕ್ಕೆ ಲಾರಿಗೆ ಸರಕು ತುಂಬುವ ಕಟ್ಟೆ. ಕಟ್ಟೆಯ ಹಿಂದೆ ಸಿಬ್ಬಂದಿಯ ಮನೆ. ಪ್ರತಿ ಕೋಣೆಯ ಗೋಡೆಗೂ, ಕಟ್ಟೆಗೂ ಅಂಗೈಯಗಲದ ಬಿಳಿ ಡಬ್ಬಿ ಕೂರಿಸಿದ್ದರು, ಒಂದೊಂದಕ್ಕೂ ಒಂದೊಂದು ನಂಬರು; ಕೋಣೆಯ ಡಬ್ಬಿಗೆ ಆ ಕೋಣೆಯದೇ ನಂಬರು.

"ಇವು ಡೇಟಾ ಲಾಗರ್ ಮೇಡಂ," ಎಂದ ಮೇನೇಜರ್. ಅಂಗಿಗೆ ಇಸ್ತ್ರಿ, ಮಾತಿಗೂ ಇಸ್ತ್ರಿ. "ಐದೈದು ನಿಮಿಷಕ್ಕೆ ಕೋಣೆಯ ತಾಪಮಾನ ಅಳೆದು ಆಫೀಸಿಗೆ ಕಳಿಸುತ್ವೆ. ಎರಡು ಡಿಗ್ರಿಗಿಂತ ಕೆಳಗೆ, ಎಂಟಕ್ಕಿಂತ ಮೇಲೆ ಹೋಗೋ ಹಾಗಿಲ್ಲ. ಇಲ್ನೋಡಿ, ಹೋದ ವಾರ ಪೂರ್ತಿ, ಗಂಟೆಗೊಂದು ಸರಾಸರಿ. ಎಲ್ಲ ಕೋಣೇನೂ ನೆಟ್ಟಗಿದೆ."

ಪರದೆಯ ಮೇಲಿನ ಗೆರೆಗಳೆಲ್ಲ ನಿಜಕ್ಕೂ ನೆಟ್ಟಗಿದ್ದವು. ಅದನ್ನು ನೋಡಿ ಇನ್‌ಸ್ಪೆಕ್ಟರಿಗೆ ಸಮಾಧಾನವಾಗಲಿಲ್ಲ. ಗೆರೆ ನೆಟ್ಟಗಿದ್ದು ಹುಡುಗಿ ಮಲಗಿದ್ದಾಳೆ ಎಂದರೆ ಎರಡರಲ್ಲಿ ಒಂದು ಸುಳ್ಳು. ಹುಡುಗಿಯಂತೂ ಸುಳ್ಳಲ್ಲ.

ಕೋಣೆಗಳ ಬಾಗಿಲು ತೆಗೆದು ತೋರಿಸಿದ್ದು ಸೂಪರ್‌ವೈಸರ್. ಐವತ್ತರ ಆಸುಪಾಸಿನವನು, ತೆಳ್ಳಗೆ, ಕೆಂಗಣ್ಣು. ಲೋಡು ಮಾಡುವವರೆಲ್ಲ ಅಣ್ಣಾ, ಅಣ್ಣಾ ಎಂದು ಅವನ ಹಿಂದೆಯೇ ತಿರುಗುತ್ತಿದ್ದರು. ಏಳು, ಎಂಟು, ಒಂಬತ್ತು, ಈ ಮೂರರಲ್ಲಿ ಇನ್ಸುಲಿನ್ ಇತ್ತು. ಒಂಬತ್ತರಲ್ಲಿ ಕೆಲವು ರಟ್ಟಿನ ಪೆಟ್ಟಿಗೆಗಳ ಮೂಲೆ ನೆನೆದು ಒಣಗಿದಂತೆ ಸೊಟ್ಟಗಾಗಿತ್ತು.

"ಇದೇನು?"

"ಬಾಗಿಲು ತೆಗೆದು ಹಾಕಿ ಮಾಡ್ತಿದ್ರೆ ನೀರು ಇಳಿಯುತ್ತೆ ಮೇಡಂ. ಏಳನೇ ಕೋಣೇಲೂ ಇದೆ ನೋಡಿ."

ಅಲ್ಲೂ ಇತ್ತು. ಹೇಳುವಾಗ ಸೂಪರ್‌ವೈಸರನ ಜೇಬಿನಲ್ಲಿ ಫೋನು ಕಿರ್ರೆಂದಿತು. ಅವನು ನೋಡದೆಯೇ ಹೆಬ್ಬೆರಳಲ್ಲಿ ಒತ್ತಿ ಸುಮ್ಮನಾಗಿಸಿದ. ಇನ್ನೊಂದು ಬಾಗಿಲು ತೆಗೆಯುವಷ್ಟರಲ್ಲಿ ಮತ್ತೆ ಕಿರ್ರೆಂದಿತು.

"ಏನಪ್ಪಾ, ಮನೆಯವರು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದಾರಾ?" ಎಂದು ಮಾವ ನಕ್ಕರು.

"ಮನೆಯವರಲ್ಲ ಸಾರ್, ಕೋಣೆಯವರು," ಎಂದ ಸೂಪರ್‌ವೈಸರ್. ಅವನು ನಗಲಿಲ್ಲ.

ಸೊಟ್ಟ ಪೆಟ್ಟಿಗೆಗಳ ಪಂಚನಾಮೆ ಮುಗಿಸಿ, ಮೂರೂ ಕೋಣೆಯಿಂದ ಮಾದರಿ ತೆಗೆದು ಸೀಲು ಮಾಡಿದ್ದಾಯಿತು. ಪ್ರಯೋಗಾಲಯದ ಉತ್ತರ ಬರಲು ಗುರುವಾರವಾಗುತ್ತಿತ್ತು. ಇನ್‌ಸ್ಪೆಕ್ಟರ್ ಓಣಿಯ ಆ ತುದಿಯಿಂದ ಈ ತುದಿಗೆ ಹೋಗಿಬಂದರು, ಮತ್ತೆ ಹೋದರು. ಹೊರಗೆ ಲಾರಿಯೊಂದು ಸರಕಿಗಾಗಿ ಕಾಯುತ್ತ ನಿಂತಿತ್ತು. ಅದನ್ನು ತಡೆಯಬೇಕೋ ಬಿಡಬೇಕೋ ಎಂದು ಯಾರಿಗೂ ಗೊತ್ತಿರಲಿಲ್ಲ.

ಮೇನೇಜರ್ ದನಿ ತಗ್ಗಿಸಿದ. "ನನ್ನ ಕೇಳಿದ್ರೆ ಆ ನೆಟ್‌ವರ್ಕ್ ಇಂಜಿನಿಯರನ್ನ ವಿಚಾರಿಸಿ ಮೇಡಂ. ಈ ಡಬ್ಬಿಗಳ ಜಾಲ ಕಟ್ಟಿದ್ದು ಅವನೇ. ಅಂಕಿ ತಿದ್ದೋ ಪಾಸ್‌ವರ್ಡ್ ಇರೋದು ಅವನೊಬ್ಬನ ಹತ್ರ. ನಮಗೆ ನೋಡೋಕೆ ಮಾತ್ರ ಬರುತ್ತೆ."

ಎರಡೂವರೆಗೆ ಇಂಜಿನಿಯರನ್ನು ಕರೆತಂದರು. ಕನ್ನಡಕ, ಹೆಗಲಿಗೆ ಚೀಲ, ಮೂಗಿನ ತುದಿಯಲ್ಲಿ ಸಿಟ್ಟು. ತಾನು ಕಟ್ಟಿದ್ದನ್ನು ಯಾರೋ ದೂರಿದರೆಂದು ಜೀಪಿನಲ್ಲೇ ಗೊತ್ತಾಗಿತ್ತು.

"ನನ್ನ ನೆಟ್‌ವರ್ಕ್ ಸುಳ್ಳು ಹೇಳಲ್ಲ ಮೇಡಂ."

"ಹೇಳಿದೆ. ಒಂದು ಮಗು ಆಸ್ಪತ್ರೇಲಿ ಮಲಗಿದೆ. ಅಂಕಿ ನೀವು ತಿದ್ದಿದ್ರಾ?"

ಅವನ ಸಿಟ್ಟು ಜರ್ರನೆ ಇಳಿಯಿತು. "ಮಗುವಾ? ನಾನ್ಯಾಕೆ ತಿದ್ದಲಿ? ತಿದ್ದಿದ್ರೂ ಗೊತ್ತಾಗುತ್ತೆ. ಒಂದೊಂದು ಪ್ಯಾಕೆಟ್ಟಿಗೂ ವರಸೆ ನಂಬರ್ ಇದೆ, ನಡುವೆ ಒಂದು ತೆಗೆದು ಇನ್ನೊಂದು ತುರುಕೋಕಾಗಲ್ಲ."

"ಪ್ಯಾಕೆಟ್ ಅಂದ್ರೆ?" ಎಂದರು ಮಾವ. "ನಮಗೆ ಅರ್ಥ ಆಗೋ ಹಾಗೆ ಹೇಳಪ್ಪ. ಪಂಚನಾಮೆಯಲ್ಲಿ ಬರೀಬೇಕಾದವನು ನಾನು."

"ಲಕೋಟೆ ಅಂದ್ಕೊಳ್ಳಿ ಸಾರ್. ಡಬ್ಬಿ ತಾಪಮಾನ ಅಳೆದು, ತನ್ನ ನಂಬರು, ಹೊತ್ತು, ಎಲ್ಲ ಬರೆದು ಲಕೋಟೆಗೆ ಹಾಕುತ್ತೆ. ಈ ತಗಡಿನ ಗೋಡೆ ದಾಟಿ ಆಫೀಸಿನ ತನಕ ಅದರ ದನಿ ಮುಟ್ಟಲ್ಲ. ಅದಕ್ಕೆ ಪಕ್ಕದ ಡಬ್ಬಿಗೆ ಕೊಡುತ್ತೆ, ಅದು ಮುಂದಿನದಕ್ಕೆ ದಾಟಿಸುತ್ತೆ. ಹೀಗೆ ಆಫೀಸಿನ ಕಂಪ್ಯೂಟರ್ ಸೇರುತ್ತೆ."

"ಬಾಯಿಂದ ಬಾಯಿಗೆ ಸುದ್ದಿ ಹೋದ ಹಾಗೆ."

"ಬಾಯಿಂದ ಬಾಯಿಗೆ ಹೋದ್ರೆ ಸುದ್ದಿ ಬೆಳೆಯುತ್ತೆ ಸಾರ್. ಇಲ್ಲಿ ಲಕೋಟೆ ಯಾರೂ ಒಡೆಯಲ್ಲ. ದಾಟಿಸಿದ ಡಬ್ಬಿ ಮೇಲೊಂದು ಮುದ್ರೆ ಒತ್ತುತ್ತೆ, ಅಷ್ಟೇ."

ಇನ್‌ಸ್ಪೆಕ್ಟರ್ ನಡೆಯುವುದನ್ನು ನಿಲ್ಲಿಸಿದರು. "ಆ ಮುದ್ರೆ ಎಲ್ಲಿ? ಮೇನೇಜರ್ ತೋರಿಸಿದ್ದರಲ್ಲಿ ಇರಲಿಲ್ಲ."

"ಅವರಿಗೆ ಬೇಡ ಅದು. ತಾಪಮಾನ ಸಾಕು. ಯಾವ ಡಬ್ಬಿ ಯಾರಿಗೆ ಕೊಡ್ತು ಅನ್ನೋದು ರಿಪೇರಿಗೆ ಬೇಕಾಗುತ್ತೆ ಅಂತ ನಾನು ಮಾತ್ರ ಉಳಿಸ್ಕೊಂಡಿದೀನಿ."

"ತೆಗೀರಿ. ಏಳು, ಎಂಟು, ಒಂಬತ್ತು. ಹೋದ ವಾರದ್ದು."

ಪರದೆಯ ಮೇಲೆ ಸಾಲು ಸಾಲು ಅಂಕಿಗಳು ಸರಿದವು. ಏಳರ ಲಕೋಟೆಗಳು ಐದರ ಕೈಯಿಂದ ಬಂದಿದ್ದವು, ಎಂಟರದೂ ಐದರಿಂದ. ಒಂಬತ್ತರದು ಮೊದಲು ಎಂಟಕ್ಕೆ, ಅಲ್ಲಿಂದ ಐದಕ್ಕೆ. ದಿನದ ಮೇಲೆ ದಿನ ಅದೇ ದಾರಿ. ಮಂಗಳವಾರ ರಾತ್ರಿಗೆ ಬರುತ್ತಿದ್ದಂತೆ ಇಂಜಿನಿಯರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇದೇನಿದು?"

"ಏನು?"

"ಹತ್ತು ಗಂಟೆಯಿಂದ ಒಂಬತ್ತನೇ ಡಬ್ಬಿ ಎಂಟಕ್ಕೆ ಕೊಡ್ತಾ ಇಲ್ಲ. ಎರಡಕ್ಕೆ ಕೊಡ್ತಿದೆ. ಬುಧವಾರ ಬೆಳಿಗ್ಗೆ ಎಂಟು ಗಂಟೆ ತನಕ."

"ಎಂಟನೇ ಡಬ್ಬಿ ಕೆಟ್ಟಿತ್ತೇನೋ."

"ಇಲ್ಲ, ಅದು ತನ್ನ ಲಕೋಟೆ ಸರಿಯಾಗೇ ಕಳಿಸಿದೆ. ಅದು ಕೆಟ್ಟಿದ್ರೂ ಒಂಬತ್ತು ಏಳಕ್ಕೆ ಕೊಡಬೇಕು. ಎರಡು ಇರೋದು ಲಾರಿ ಕಟ್ಟೇಲಿ ಮೇಡಂ. ಒಂಬತ್ತನೇ ಕೋಣೆಯಿಂದ ಗಂಟಲು ಹರಿದ್ಕೊಂಡ್ರೂ ಅಲ್ಲಿಗೆ ಕೇಳಲ್ಲ."

ಮಾವ ಗದ್ದ ಕೆರೆದುಕೊಂಡರು. "ಅಂದ್ರೆ ಡಬ್ಬಿ ಎದ್ದು ನಡ್ಕೊಂಡು ಹೋಗಿದೆ."

"ಯಾರೋ ಎತ್ಕೊಂಡು ಹೋಗಿದಾರೆ," ಎಂದರು ಇನ್‌ಸ್ಪೆಕ್ಟರ್. "ಹೋದ ಜಾಗದಲ್ಲೂ ಅದು ಐದು ಡಿಗ್ರೀನೇ ಹೇಳಿದೆ. ಹಾಗಾದ್ರೆ ತಣ್ಣಗಿರೋ ಜಾಗ. ಕಟ್ಟೆ ಸುತ್ತಮುತ್ತ ತಣ್ಣಗಿರೋದು ಏನೇನಿದೆ?"

ಮೇನೇಜರನ ಹಣೆಯ ಮೇಲೆ ಬೆವರು ಮೂಡಿತು. ಅವನ ಕೋಣೆಯಲ್ಲೂ ಒಂದು ಪುಟ್ಟ ಫ್ರಿಜ್ ಇತ್ತು, ಊಟದ ಕೋಣೆಯಲ್ಲಿ ಇನ್ನೊಂದು. ಮಾತಿನಲ್ಲಿ ತೀರ್ಮಾನವಾಗುವ ವಿಷಯವಲ್ಲವೆಂದು ಇನ್‌ಸ್ಪೆಕ್ಟರ್ ಅಲ್ಲೇ ಇಬ್ಬರು ಪಂಚರನ್ನು ಕರೆಸಿದರು. ಒಬ್ಬ ಎದುರಿನ ಗ್ಯಾರೇಜಿನ ಮೆಕ್ಯಾನಿಕ್, ಇನ್ನೊಬ್ಬ ಕಾಯುತ್ತಿದ್ದ ಲಾರಿಯ ಡ್ರೈವರ್. ಒಂಬತ್ತನೇ ಡಬ್ಬಿಯನ್ನು ಯಾವ ಫ್ರಿಜ್ಜಿನಲ್ಲಿಟ್ಟರೆ ಎರಡರ ಮುದ್ರೆ ಬೀಳುತ್ತದೆಂದು ನೋಡಲು ನಾಲ್ಕು ಗಂಟೆಗೆ ಮೆರವಣಿಗೆ ಹೊರಟಿತು. ಡಬ್ಬಿ ಹಿಡಿದ ಕಾನ್‌ಸ್ಟೇಬಲ್ ಮುಂದೆ, ತೆರೆದ ಲ್ಯಾಪ್‌ಟಾಪ್ ಹೊತ್ತ ಇಂಜಿನಿಯರ್ ಹಿಂದೆ, ಅವರ ಹಿಂದೆ ಪಂಚರು, ಕೊನೆಗೆ ಬರೆಯುತ್ತ ಏದುಸಿರು ಬಿಡುತ್ತ ಮಾವ.

ಮೇನೇಜರನ ಫ್ರಿಜ್ಜಿನಲ್ಲಿಟ್ಟು ಕಾದರು. ಲಕೋಟೆ ಯಾರ ಮುದ್ರೆಯೂ ಇಲ್ಲದೆ ನೇರ ಆಫೀಸಿನ ಕಂಪ್ಯೂಟರ್ ಸೇರಿತು, ಅಷ್ಟು ಹತ್ತಿರ. ಮೇನೇಜರ್ ಉಸಿರು ಬಿಟ್ಟ. ಊಟದ ಕೋಣೆಯಲ್ಲಿಟ್ಟಾಗ ಅದು ನಾಲ್ಕರ ಕೈಗೆ ಹೋಯಿತು. ಹೊತ್ತು ಸರಿಯುತ್ತಿತ್ತು. ಔಷಧ ಅಧಿಕಾರಿಯ ಫೋನು ಎರಡು ಸಲ ಬಂತು, ಇನ್‌ಸ್ಪೆಕ್ಟರ್ ಎತ್ತಲಿಲ್ಲ, ಎತ್ತಿ ಹೇಳುವುದಕ್ಕೆ ಏನೂ ಇರಲಿಲ್ಲ.

"ಇನ್ನೆಲ್ಲಿದೆ ಫ್ರಿಜ್?"

"ಕಟ್ಟೆ ಹಿಂದೆ ಅಣ್ಣನ ಮನೇಲಿ," ಎಂದ ಲೋಡು ಮಾಡುವವನೊಬ್ಬ, ಏನೂ ತಿಳಿಯದೆ. ಬೆಳಿಗ್ಗೆಯಿಂದ ಎಲ್ಲರಿಗಿಂತ ಮುಂದೆ ಹೋಗಿ ಬಾಗಿಲು ತೆಗೆಯುತ್ತಿದ್ದ ಸೂಪರ್‌ವೈಸರ್ ಈಗ ಎಲ್ಲರಿಗಿಂತ ಹಿಂದಿದ್ದ. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಸೂಪರ್‌ವೈಸರನ ಹೆಂಡತಿ ಇಷ್ಟೊಂದು ಜನ ನೋಡಿ ಗಾಬರಿಯಾದರೂ ಚಾಪೆ ಹಾಸಲು ಹೋದರು. ಕಾನ್‌ಸ್ಟೇಬಲ್ ಹಾಲಿನ ಪಾತ್ರೆ ಸರಿಸಿ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟ.

"ಅಯ್ಯೋ, ಮತ್ತೆ ಇದಾ?" ಎಂದರು ಆಕೆ.

ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು, "ಮೊದಲೂ ಇಟ್ಟಿದ್ರಾ ಅಮ್ಮ?"

"ಹೋದ ಮಂಗಳವಾರ ಇವರೇ ತಂದಿಟ್ರು. ಟೆಸ್ಟಿಂಗ್ ಅಂತ ಏನೋ ಅಂದ್ರು."

"ಅವತ್ತು ರಾತ್ರಿ ಇವರು ಎಲ್ಲಿದ್ರು?"

"ಮನೇಲೇ ಇದ್ರು ಕಣಮ್ಮ." ಆಕೆಯ ಮುಖ ಅರಳಿತು. "ಆ ಫೋನು ನನಗೆ ಸವತಿ ಇದ್ದ ಹಾಗೆ. ಒಂದು ವರ್ಷ ಆಯ್ತು ಅದು ಬಂದು. ಅರ್ಧ ಗಂಟೆಗೊಂದು ಸಲ ಕೂಗುತ್ತೆ, ಇವರು ಎದ್ದು ಓಡ್ತಾರೆ. ಊಟ ಮಾಡ್ತಾ ಮಾಡ್ತಾ ತೂಕಡಿಸ್ತಾರೆ. ಮಂಗಳವಾರ ಒಂದು ರಾತ್ರಿ ಮಾತ್ರ ಅದು ಕೂಗಲೇ ಇಲ್ಲ ನೋಡಿ. ಪುಣ್ಯಾತ್ಮ ಗೊರಕೆ ಹೊಡ್ಕೊಂಡು ನಿದ್ದೆ ಮಾಡಿದ್ರು. ನಾನೇ ಎಷ್ಟೋ ಹೊತ್ತು ಎದ್ದು ಕೂತು ನೋಡ್ತಾ ಇದ್ದೆ, ಖುಷಿಗೆ."

ಇನ್‌ಸ್ಪೆಕ್ಟರಿಗೆ ಆಕೆಯ ಬಾಯಿ ಮುಚ್ಚಿಸಬೇಕೆನಿಸಿತು. ಗಂಡನನ್ನು ಕೈಯಾರೆ ಒಪ್ಪಿಸುತ್ತಿದ್ದೇನೆಂದು ಆ ಹೆಂಗಸಿಗೆ ಗೊತ್ತಿಲ್ಲ. ಅಷ್ಟರಲ್ಲಿ ಇಂಜಿನಿಯರ್ ಲ್ಯಾಪ್‌ಟಾಪ್ ತಿರುಗಿಸಿ ಪಂಚರಿಗೆ ತೋರಿಸಿದ. ಒಂಬತ್ತರ ಲಕೋಟೆಯ ಮೇಲೆ ಎರಡರ ಮುದ್ರೆ ಬಿದ್ದಿತ್ತು.

ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಪರದೆ ನೋಡಲಿಲ್ಲ. "ಒಂಬತ್ತನೇ ಕೋಣೆ ಒಂದೇ ಮೇಡಂ," ಎಂದ. "ಮಂಗಳವಾರ ರಾತ್ರಿ ಒಂದೇ. ಬುಧವಾರ ಬೆಳಿಗ್ಗೆ ಅದರಿಂದ ಲೋಡಾಗಿದ್ದು ಮೂರು ಅಂಗಡಿಗೆ. ಆಮೇಲೆ ಅದರೊಳಗಿಂದ ನಾನು ಒಂದು ಪೆಟ್ಟಿಗೇನೂ ಕಳಿಸಿಲ್ಲ. ಏನಾದ್ರೊಂದು ನೆಪ ಹೇಳಿ ಏಳರಿಂದ, ಎಂಟರಿಂದ ಕೊಡಿಸ್ತಿದ್ದೆ."

"ಯಾವ ಮೂರು ಅಂಗಡಿ?"

ಅವನು ಹೇಳಿದ. ಇನ್‌ಸ್ಪೆಕ್ಟರ್ ಅಂಗಳಕ್ಕೆ ಓಡಿಬಂದು ಔಷಧ ಅಧಿಕಾರಿಗೆ ಫೋನು ಹಚ್ಚಿದರು. ಏಳು ಮತ್ತು ಎಂಟು ತೆರೆದೇ ಉಳಿದವು, ಒಂಬತ್ತಕ್ಕೆ ಬೀಗ ಬಿತ್ತು. ಕಾಯುತ್ತಿದ್ದ ಲಾರಿ ಎಂಟರ ಸರಕು ತುಂಬಿಕೊಂಡು ಹೊರಟಿತು. ಮೂರು ಅಂಗಡಿಗಳಿಂದ ಸೀಸೆ ಕೊಂಡವರ ಮನೆಗಳಿಗೆ ಠಾಣೆಯವರು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದರು. ಒಬ್ಬ ಮುದುಕಿ, ಕಾಸು ಕೊಟ್ಟಿದ್ದೀನಿ, ಪೊಲೀಸರಿಗೆ ಯಾಕೆ ಕೊಡಲಿ ಎಂದು ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಳು. ಹೊಸದನ್ನು ಕೈಗಿಟ್ಟ ಮೇಲೆಯೇ ಬಿಟ್ಟಳು. ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದವರು ನಾದಿನಿಯ ಊರಿಗೆ ಹೋಗಿದ್ದಾರೆಂದರು. ಮಾವ ನಾದಿನಿಯ ನಂಬರು ಹುಡುಕಿ, ಆ ಮನೆಯ ಯಜಮಾನನಿಗೆ ಫೋನಿನಲ್ಲೇ ಬೈದು, ಇನ್ನೂ ತೆರೆಯದ ಸೀಸೆಯನ್ನು ಚೀಲದಿಂದ ತೆಗೆಸಿ ಹೊರಗೆ ಹಾಕಿಸಿದರು. ಕತ್ತಲಾಗುವ ಮೊದಲು ಒಂದೂ ಬಾಕಿ ಉಳಿಯಲಿಲ್ಲ.

ಆರೂ ಹತ್ತಕ್ಕೆ ಬಂಧನ ದಾಖಲಾಯಿತು. ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ನಡೆಯಲಿಲ್ಲ.

"ಡಬ್ಬಿ ಯಾಕೆ ತೆಗೆದ್ರಿ?"

"ನಿದ್ದೆ ಮಾಡೋಕೆ."

"ಸರಿಯಾಗಿ ಹೇಳಿ."

"ಸರಿಯಾಗೇ ಹೇಳ್ತಿದೀನಿ ಮೇಡಂ. ಒಂಬತ್ತರ ತಂಪು ಮಾಡೋ ಯಂತ್ರ ಸವೆದಿದೆ. ಎಂಟರ ಗಡಿಯಿಂದ ಎರಡರ ಗಡಿ ತನಕ ತೂಗಾಡ್ತಿರುತ್ತೆ. ಒಂದು ಚೂರು ಕೆಳಗೆ ಹೋದ್ರೆ ಫೋನು ಕೂಗುತ್ತೆ. ಹತ್ತು ನಿಮಿಷದೊಳಗೆ ನೋಡಿದೆ ಅಂತ ಒತ್ತಿ, ಹೋಗಿ ಬರ್ಬೇಕು. ಹೋಗೋಷ್ಟರಲ್ಲಿ ಸರಿಯಾಗಿರುತ್ತೆ. ಬಂದು ಮಲಗಿದ್ರೆ ಮತ್ತೆ ಕೂಗುತ್ತೆ. ರಾತ್ರಿಯೆಲ್ಲ ಇದೇ."

"ಮೇನೇಜರಿಗೆ ಹೇಳಲಿಲ್ವಾ?"

"ಮೂರು ಸಲ. ಮುಂದಿನ ತಿಂಗಳು ನೋಡೋಣ ಅಂದ್ರು. ಮೊದಲು ಅವರ ಫೋನಿಗೂ ಬರ್ತಿತ್ತು. ಒಂದು ವಾರಕ್ಕೇ ತಮ್ಮ ನಂಬರು ತೆಗೆಸಿದ್ರು."

"ಯಾಕೆ?"

"ನಿದ್ದೆ ಹಾಳಾಗುತ್ತೆ ಅಂತ."

ಬರೆಯುತ್ತಿದ್ದ ಮಾವ ತಲೆ ಎತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ಇನ್‌ಸ್ಪೆಕ್ಟರ್ ಬಾಗಿಲಿನತ್ತ ತಿರುಗಿ, ಮೇನೇಜರನ್ನೂ ಕರೆತರಲು ಕಾನ್‌ಸ್ಟೇಬಲ್‌ಗೆ ಹೇಳಿದರು. ದನಿ ಅವರಿಗೇ ಗೊತ್ತಿಲ್ಲದಂತೆ ಏರಿತ್ತು.

"ಡಬ್ಬಿಯಿಂದ ಸಿಕ್ಕಿಬೀಳ್ತೀನಿ ಅನ್ನಿಸಲಿಲ್ವಾ?"

"ಈ ಡಬ್ಬಿ ಬರೋ ಮೊದಲು ಇದ್ದ ಹಳೇ ಮೀಟರಲ್ಲಿ ದುಂಡನೆ ಕಾಗದದ ಮೇಲೆ ಪೆನ್ನು ಗೆರೆ ಎಳೀತಿತ್ತು ಮೇಡಂ. ಎಷ್ಟು ತಂಪು ಅಂತ ಅದಕ್ಕೆ ಗೊತ್ತಿತ್ತು, ಎಲ್ಲಿದೀನಿ ಅಂತ ಗೊತ್ತಿರ್ಲಿಲ್ಲ. ಇದೂ ಹಾಗೇ ಅನ್ಕೊಂಡೆ. ಒಂದೇ ಒಂದು ರಾತ್ರಿ ಅಂತ ತೆಗೆದೆ. ಬೆಳಿಗ್ಗೆ ಹೋಗಿ ಬಾಗಿಲು ತೆಗೆದ್ರೆ ಗೋಡೆ ಪೂರ್ತಿ ಮಂಜು. ಯಂತ್ರ ನಿಲ್ದೇ ಓಡಿಬಿಟ್ಟಿತ್ತು."

"ಆಗ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಯಾಕೆ ಹೇಳಲಿಲ್ಲ?"

"ಲಾರಿ ಬಂದು ನಿಂತಿತ್ತು. ಹೇಳಿದ್ರೆ ಡಬ್ಬಿ ತೆಗೆದಿದ್ದೂ ಹೇಳ್ಬೇಕು. ಒರೆಸಿ, ಡಬ್ಬಿ ಮತ್ತೆ ಸಿಕ್ಕಿಸಿ, ಲೋಡು ಮಾಡಿಸ್ದೆ. ಕರಗಿದ ಮೇಲೆ ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

"ನಂಬಿದ್ರಾ?"

"ಇಲ್ಲ ಮೇಡಂ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನಂಗೆ ಗೊತ್ತಿತ್ತು."

ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಹೇಳಿ ಬರೆಸುತ್ತಿದ್ದರು. ಮೇನೇಜರನ ಹೆಸರು ಆರೋಪಿಗಳ ಸಾಲಿಗೆ ಸೇರಿತ್ತು, ಅವನ ವಕೀಲರು ಆಗಲೇ ಬಂದು ಹೋಗಿದ್ದರು. ಮೊದಲ ಆರೋಪಿಯ ಉದ್ದೇಶವೇನೆಂದು ಮಾವ ಕೇಳಿದರು. ದ್ವೇಷವಲ್ಲ, ಲಾಭವಲ್ಲ. ಇನ್‌ಸ್ಪೆಕ್ಟರ್ ಎರಡು ಸುತ್ತು ನಡೆದು, "ನಿದ್ರೆ ಅಂತ ಬರೀರಿ," ಎಂದರು. ಇಷ್ಟು ಸಣ್ಣ ಪದ ಬರೆಸಲು ಅವರಿಗೆ ಯಾವತ್ತೂ ಇಷ್ಟು ಕಷ್ಟವಾಗಿರಲಿಲ್ಲ.

ಅದೇ ಹೊತ್ತಿಗೆ ಬಸ್ ಡ್ರೈವರ್ ಬಂದ.

"ಮಗಳು ಕಣ್ಣು ಬಿಟ್ಟಳು ಮೇಡಂ. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಬರುತ್ತೆ ಅಂತಾರೆ."

"ಒಳ್ಳೇದಾಯ್ತು. ನಿಮ್ಮ ಗುರುತು ಹಿಡಿದಳಾ?"

"ಹಿಡಿದಳು. ಹತ್ರ ಹೋದೆ. ಅಪ್ಪಾ, ನೀನು ಚುಚ್ಚಬೇಡ ಅಂದಳು. ನಾಲ್ಕು ವರ್ಷ ನನ್ನ ಕೈಯಿಂದಲೇ ಹಾಕಿಸ್ಕೊಂಡವಳು. ನರ್ಸ್ ಹಾಕಲಿ, ನೀನು ಬೇಡ ಅಂದಳು." ಕಣ್ಣೊರೆಸಿಕೊಂಡ. "ಆ ಮನುಷ್ಯನ್ನ ಒಂದು ಸಲ ನೋಡ್ಬೇಕು. ಕೈ ಎತ್ತಲ್ಲ. ಒಂದು ಮಾತು ಕೇಳ್ಬೇಕು."

ನಿಯಮದ ಪ್ರಕಾರ ಬಿಡುವ ಹಾಗಿರಲಿಲ್ಲ. ಇನ್‌ಸ್ಪೆಕ್ಟರ್ ತಾವೇ ಜೊತೆಗೆ ಹೋದರು.

ಲಾಕಪ್ಪಿನಲ್ಲಿ ಸೂಪರ್‌ವೈಸರ್ ಗೋಡೆಗೊರಗಿ ನಿದ್ದೆ ಹೋಗಿದ್ದ. ಕತ್ತು ಒಂದು ಕಡೆಗೆ ವಾಲಿತ್ತು, ಬಾಯಿ ಅರೆ ತೆರೆದಿತ್ತು. ರಾತ್ರಿ ಊಟಕ್ಕೂ ಎಚ್ಚರವಾಗಲಿಲ್ಲವೆಂದು ಪಹರೆಯವನು ಹೇಳಿದ. ಡ್ರೈವರ್ ಸರಳು ಹಿಡಿದುಕೊಂಡು ನೋಡಿದ. ಅವನ ಕಣ್ಣ ಕೆಳಗೂ ಕರಿ ಕಟ್ಟಿತ್ತು.

"ಇವನಿಗೆ ನಿದ್ದೆ ಹೇಗೆ ಬರುತ್ತೆ ಮೇಡಂ? ಶನಿವಾರದಿಂದ ನಾನು ರೆಪ್ಪೆ ಮುಚ್ಚಿಲ್ಲ. ಎಬ್ಬಿಸಿ."

ಇನ್‌ಸ್ಪೆಕ್ಟರಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಎಬ್ಬಿಸಬೇಡಿ ಎನ್ನಲೂ ಬಾಯಿ ಬರಲಿಲ್ಲ. ಕೊನೆಗೆ ಕೀಲಿಕೈಯಿಂದ ಸರಳಿಗೆ ಎರಡು ಸಲ ತಟ್ಟಿದರು.

ಸೂಪರ್‌ವೈಸರ್ ದಡಬಡಿಸಿ ಎದ್ದ. ಕಣ್ಣು ಬಿಡುವ ಮೊದಲೇ ಕೈ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು. ಕೈ ನೆಲವನ್ನು ತಡವಿತು, ಗೋಡೆಯನ್ನು ತಡವಿತು.

"ಬಂದೆ, ಬಂದೆ," ಎಂದ. "ಯಾವ ಕೋಣೆ?"

ಕೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತು ಡ್ರೈವರನ ಬಾಯಿಗೆ ಬರಲಿಲ್ಲ. ಸರಳು ಬಿಟ್ಟ.

"ಒಂಬತ್ತು," ಎಂದ. "ನನ್ನ ಮಗಳಿಗೆ ಬಂದಿದ್ದು ಒಂಬತ್ತರದ್ದು."

ಸೂಪರ್‌ವೈಸರನಿಗೆ ಆಗ ಪೂರ್ತಿ ಎಚ್ಚರವಾಯಿತು.